ಪ್ಯಾರಾಮೆಡಿಕ್ ಲೈಸೆನ್ಸ್ ಪರೀಕ್ಷೆ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ನಲ್ಲಿ ಮಾಡಬಹುದಾ? ಫೀಲ್ಡ್‌ನಲ್ಲಿ ಇರೋರು ದಯವಿಟ್ಟು ಹೇಳಿ

ಶಿವಮೊಗ್ಗ_ಸ್ಕಿಲ್‌ಲ್ಯಾಬ್

ಎಲ್ರಿಗೂ ನಮಸ್ಕಾರ. ಹನ್ನೊಂದು ವರ್ಷ 108 ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದ್ರೆ ರೋಗಿನ ನೋಡ್ಕೊಳ್ಳೋ ತುರ್ತು ಚಿಕಿತ್ಸೆ ಸಿಬ್ಬಂದಿ ಆಗಿದ್ದೆ, ಈಗ ನಾಲ್ಕು ವರ್ಷದಿಂದ ಒಂದು ಕಾಲೇಜಲ್ಲಿ ಎಮರ್ಜೆನ್ಸಿ ಕೇರ್ ಓದೋ ಮಕ್ಕಳ ಸ್ಕಿಲ್ ಲ್ಯಾಬ್ ನೋಡ್ಕೊತೀನಿ. ಹೋದ ವಾರ ಒಂದು ಕಂಪನಿಯವ್ರು ಬಂದು ಎರಡು ವಿಆರ್ ಹೆಡ್‌ಸೆಟ್ ಡೆಮೋಗೆ ಬಿಟ್ಟು ಹೋದ್ರು. ಹಾಕ್ಕೊಂಡ್ರೆ ಕಣ್ಣೆದುರಿಗೇ ಹೈವೇ, ಪಲ್ಟಿ ಹೊಡೆದ ಕಾರು, ಒಳಗೆ ನರಳ್ತಾ ಇರೋ ಮನುಷ್ಯ, ಸುತ್ತ ಮೊಬೈಲ್ ಹಿಡ್ಕೊಂಡು ನಿಂತ ಜನ. ಮ್ಯಾನೇಜ್‌ಮೆಂಟ್‌ಗೆ ಎಷ್ಟು ಹಿಡಿಸ್ತು ಅಂದ್ರೆ ಇನ್ಮೇಲೆ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ರಿಪೇರಿ ಖರ್ಚೇ ಬೇಡ, ಪ್ರಾಕ್ಟಿಕಲ್ ಪರೀಕ್ಷೆನೂ ಇದ್ರಲ್ಲೇ ಮುಗಿಸೋಣ ಅನ್ನೋ ಮಾತು ಶುರುವಾಗಿದೆ.

ಇದು ನಮ್ಮ ಕಾಲೇಜಿನ ವಿಷಯ ಮಾತ್ರ ಅಲ್ಲ. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ಅಂತ ಕೇಂದ್ರದ ಕಾಯ್ದೆ ಬಂತಲ್ಲ, ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಪ್ಯಾರಾಮೆಡಿಕ್ ಅಂತ ನಮ್ಮ ಹೆಸರೇ ಇದೆ, ರಾಜ್ಯ ಕೌನ್ಸಿಲ್, ರಿಜಿಸ್ಟರ್, ಕೊನೆಗೆ ಎಕ್ಸಿಟ್ ಪರೀಕ್ಷೆ ಇದಕ್ಕೆಲ್ಲ ಅದ್ರಲ್ಲಿ ಜಾಗ ಇಟ್ಟಿದ್ದಾರೆ. ಇಷ್ಟು ವರ್ಷ ಪ್ಯಾರಾಮೆಡಿಕಲ್ ಅಂದ್ರೆ ಜನ ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಅಂದ್ಕೊಳ್ತಾ ಇದ್ರು, ಈಗ ನಮಗೂ ಒಂದು ಲೈಸೆನ್ಸ್ ಅಂತ ಆಗೋದಾದ್ರೆ ಆ ಪರೀಕ್ಷೆ ಹೆಂಗಿರಬೇಕು ಅನ್ನೋದನ್ನ ನಾವೇ ಮಾತಾಡ್ಬೇಕು ಅನ್ಸುತ್ತೆ.

ನಾನು ಪಾಸಾದ ಪರೀಕ್ಷೆ ಹೇಳ್ತೀನಿ ಕೇಳಿ. ಸಿಪಿಆರ್ (ಹೃದಯ ನಿಂತವ್ರ ಎದೆ ಒತ್ತೋದು) ಸ್ಟೇಷನ್‌ನಲ್ಲಿ ಮ್ಯಾನಿಕಿನ್ ಎದೆಯ ಸ್ಪ್ರಿಂಗ್ ಮುರಿದಿತ್ತು, ಒತ್ತಿದ್ರೆ ಒಳಗೆ ಹೋದ ಎದೆ ಮೇಲೆ ಬರ್ತಾನೇ ಇರ್ಲಿಲ್ಲ. ಎಕ್ಸಾಮಿನರ್ "ಬಾಯಲ್ಲಿ ಹೇಳಪ್ಪಾ ಸಾಕು" ಅಂದ್ರು. ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್ ಅಂತ ಹೇಳ್ದೆ, ಪಾಸ್. ಆಮೇಲೆ ಮೊದಲನೇ ನಿಜವಾದ ಕೇಸ್‌ನಲ್ಲಿ ಪಕ್ಕೆಲುಬು ಕಟ್ ಅಂದಾಗ ನನ್ನ ಕೈ ನಿಂತುಹೋಯ್ತು. ಪೈಲಟ್ ಅಣ್ಣ (ಆಂಬುಲೆನ್ಸ್ ಡ್ರೈವರ್‌ಗೆ ನಾವು ಹಂಗೇ ಅನ್ನೋದು) "ನಿಲ್ಲಿಸ್ಬೇಡ, ಒತ್ತು" ಅಂತ ಕೂಗಿದ್ಮೇಲೇ ಮತ್ತೆ ಶುರು ಮಾಡಿದ್ದು. ಹಂಗಾಗಿ ಹಳೇ ಪದ್ಧತಿನೇ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಆದ್ರೆ ಬಾಯಲ್ಲಿ ಹೇಳೋ ಪರೀಕ್ಷೆ ಹೋಗಿ ಗಾಳಿಯಲ್ಲಿ ಕೈ ಆಡಿಸೋ ಪರೀಕ್ಷೆ ಬಂದ್ರೆ ಏನು ಬದಲಾದಂಗಾಯ್ತು?

ವಿಆರ್_ಡೆವಲಪರ್_ಬೆಂಗಳೂರು

ಸರ್, ನಾನು ಟ್ರೇನಿಂಗ್ ಸಿಮ್ಯುಲೇಶನ್ ಮಾಡೋ ಟೀಮ್‌ನಲ್ಲಿದ್ದೀನಿ, ಮೆಡಿಕಲ್ ಅಷ್ಟು ಗೊತ್ತಿಲ್ಲ, ಹೆಡ್‌ಸೆಟ್ ಗೊತ್ತು. ನೀವು ಕೇಳಿದ್ದು ಸರಿಯಾದ ಪ್ರಶ್ನೆ.

ಎದೆ ಒತ್ತೋದನ್ನ ಹೆಡ್‌ಸೆಟ್ ಒಂದರಿಂದಲೇ ಅಳೆಯೋಕೆ ಆಗಲ್ಲ. ಕೈ ಗುರುತು ಹಿಡಿಯೋದು ಹೆಡ್‌ಸೆಟ್ ಮೈಮೇಲಿರೋ ಕ್ಯಾಮೆರಾಗಳು, ಒಂದು ಕೈ ಮೇಲೆ ಇನ್ನೊಂದು ಕೈ ಇಟ್ಟು ಬೆರಳು ಹೆಣೆದ ತಕ್ಷಣ ಕೆಳಗಿನ ಕೈ ಅವಕ್ಕೆ ಕಾಣಲ್ಲ, ಸಾಫ್ಟ್‌ವೇರ್ ಗೊಂದಲಕ್ಕೆ ಬೀಳುತ್ತೆ. ಅದಕ್ಕೇ ಒಳ್ಳೆ ಸಿಸ್ಟಮ್‌ಗಳಲ್ಲಿ ಸೆನ್ಸರ್ ಇರೋ ನಿಜವಾದ ಮ್ಯಾನಿಕಿನ್ ನೆಲದ ಮೇಲೆ ಇಟ್ಟು, ಅದರ ಮೇಲೆ ವರ್ಚುವಲ್ ರೋಗಿನ ಕೂರಿಸ್ತಾರೆ. ಕಣ್ಣಿಗೆ ರೋಗಿ, ಕೈಗೆ ಮ್ಯಾನಿಕಿನ್. ಮ್ಯಾನಿಕಿನ್ ಖರ್ಚು ಉಳಿಯುತ್ತೆ ಅನ್ನೋದು ಪರೀಕ್ಷೆ ವಿಷಯದಲ್ಲಿ ನಡೆಯೋ ಮಾತಲ್ಲ, ನಿಮ್ಮ ಮ್ಯಾನೇಜ್‌ಮೆಂಟ್‌ಗೆ ಇದನ್ನ ಹೇಳಿ.

ಆದ್ರೆ ವಿಆರ್ ಕೊಡೋದು ಬೇರೆ ಒಂದಿದೆ. ಅಭ್ಯರ್ಥಿ ಏನೇನು ಮಾಡಿದ, ಯಾವ ಸೆಕೆಂಡ್‌ನಲ್ಲಿ ಮಾಡಿದ ಎಲ್ಲ ಲಾಗ್ ಆಗುತ್ತೆ. ಗಾಡಿಯಿಂದ ಇಳಿದ ಮೇಲೆ ತಲೆ ಎತ್ತಿ ಕರೆಂಟ್ ವೈರ್ ನೋಡಿದನಾ, ಗ್ಲೌಸ್ ಹಾಕೋ ಮೊದಲೇ ರೋಗಿ ಮುಟ್ಟಿದನಾ, ಉಸಿರು ಎಣಿಸೋಕೆ ಎಷ್ಟು ಹೊತ್ತು ಎದೆ ಕಡೆ ತಿರುಗಿದ್ದ. ಫೇಲ್ ಆದವ್ರು ಅಪೀಲ್ ಹಾಕಿದ್ರೆ ಇಡೀ ಪರೀಕ್ಷೆನ ಮತ್ತೆ ಪ್ಲೇ ಮಾಡಿ ತೋರಿಸಬಹುದು. ಎಕ್ಸಾಮಿನರ್ ಮೂಡ್, ಪರಿಚಯ, ಯಾರ ಕಡೆಯವ್ನು ಅನ್ನೋದು ಇದ್ರಲ್ಲಿ ಇರಲ್ಲ. ನಮ್ಮ ದೇಶದಲ್ಲಿ ಇದು ಸಣ್ಣ ವಿಷಯನಾ ಹೇಳಿ.

ಹಾವೇರಿ_ಗಾಡಿ

ಅಣ್ಣಾರ, ನಾ ಹಾವೇರಿ ಕಡೆ ಗಾಡಿ ಮ್ಯಾಲ ಇಎಂಟಿ ಅದೇನಿ, ಹದಿಮೂರು ವರ್ಷ ಆತು. ವಿಆರ್ ಪಾರ್ ನನಗ ಗೊತ್ತಿಲ್ರಿ, ಆದ್ರ ಒಬ್ಬಾಂವ ಗಾಡಿ ಹತ್ತಾಕ ಲಾಯಕ್ ಅದಾನೋ ಇಲ್ಲೋ ಅಂತ ನೋಡಾಕ ಏನ್ ನೋಡಬೇಕು ಅನ್ನೂದು ಗೊತ್ತೈತಿ. ಒಂದು ಕೇಸ್ ಹೇಳ್ತೇನಿ.

ಹೊಸದಾಗಿ ಸೇರಿದ ಹುಡುಗ ನನ್ನ ಜೋಡಿ ಇದ್ದ, ಮೈಸೂರು ಸೀಮಿಯಾಂವ, ಓದಿನಾಗ ಶಾಣ್ಯಾ. ರಾತ್ರಿ ಹಳ್ಳಿಗೆ ಹೋದ್ವಿ. ಮನಿಯಾಗ ತಾಯಿ ಅಳಕೋತ "ಎಣ್ಣಿ ತಗೊಂಡಾನ್ರಿ ಸಾಹೇಬ್ರ, ಎಣ್ಣಿ ತಗೊಂಡಾನು" ಅಂದ್ಲು. ಹುಡುಗ ನನ್ನ ಕಡೆ ನೋಡಿ "ಕುಡಿದು ಬಿದ್ದಿದಾನೆ ಸರ್" ಅಂದ. ಅವರ ಸೀಮಿಯಾಗ ಎಣ್ಣೆ ಅಂದ್ರ ಸೆರೆ, ನಮ್ಮಲ್ಲಿ ಎಣ್ಣಿ ಅಂದ್ರ ಹೊಲಕ್ಕ ಹೊಡಿಯೂ ಔಷಧ. ನನಗ ಬಾಗಲದಾಗ ನಿಂತಾಗನ ವಾಸನಿ ಬಂದಿತ್ತು. ಕಣ್ಣಿನ ಪಾಪಿ ಸೂಜಿಮೊನಿ ಆಗಿತ್ತು, ಬಾಯಾಗ ಜೊಲ್ಲು, ನೊರಿ, ಎದಿಯಾಗ ಗೊರಗೊರ. ಅರಿವಿ ಬಿಚ್ಚಿಸಿ ಮೈ ತೊಳಿಸಿ, ಸಕ್ಷನ್ ಮಾಡಿ, ಆಕ್ಸಿಜನ್ ಹಚ್ಚಿ, ಫೋನ್‌ನಾಗ ಡಾಕ್ಟರ್‌ನ ಕೇಳಿ ಆ ವಿಷಕ್ಕ ಮದ್ದು ಅಟ್ರೋಪಿನ್ ಕೊಟ್ಕೋತ ಜಿಲ್ಲಾಸ್ಪತ್ರಿ ಮುಟ್ಟಿಸಿದ್ವಿ. ಉಳದ.

ಈಗ ಹೇಳ್ರಿ, ಆ ಡಬ್ಬಿಯೊಳಗ ವಾಸನಿ ಬರ್ತೈತೇನು? ಆ ತಾಯಿ ಮಾತು ಹಂಗ ಕೇಳ್ತೈತೇನು? ಇಂಗ್ಲಿಷಿನಾಗ "ಪೇಷಂಟ್ ಹ್ಯಾಸ್ ಕನ್ಸ್ಯೂಮ್ಡ್ ಆರ್ಗನೋಫಾಸ್ಫರಸ್" ಅಂತ ಬರದಿದ್ರ ಎಲ್ಲಾರೂ ಪಾಸ್ ಆಗ್ತಾರ. ಊರಾಗ ಯಾರೂ ಹಂಗ ಹೇಳಂಗಿಲ್ಲ.

ಮೈಸೂರು_ಇಆರ್_ಡಾಕ್ಟರ್

ಹಾವೇರಿಯವ್ರೇ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಮೈಸೂರಿನವಳೇ, ನನ್ನ ಇಂಟರ್ನ್‌ಶಿಪ್ ಹುಬ್ಬಳ್ಳಿ ಕಡೆ ಆಗಿದ್ದು, ಅಲ್ಲಿ ಮೊದಲ ವಾರ ನಾನೂ "ಎಣ್ಣಿ" ಅಂದ್ರೆ ತಪ್ಪೇ ತಿಳ್ಕೊಂಡಿದ್ದೆ.

ಪರೀಕ್ಷೆ ಬಗ್ಗೆ ನಾಲ್ಕು ಮಾತು. ಮೆಡಿಕಲ್ ಶಿಕ್ಷಣದಲ್ಲಿ ಮಿಲ್ಲರ್ ಅನ್ನೋರು 1990ರಲ್ಲಿ ಕೊಟ್ಟ ಒಂದು ಪಿರಮಿಡ್ ಇದೆ. ತಳದಲ್ಲಿ ಗೊತ್ತಿರೋದು, ಅದರ ಮೇಲೆ ಹೇಗೆ ಅಂತ ಗೊತ್ತಿರೋದು, ಅದರ ಮೇಲೆ ಮಾಡಿ ತೋರ್ಸೋದು, ತುದಿಯಲ್ಲಿ ನಿಜವಾದ ಕೆಲಸದಲ್ಲಿ ಮಾಡೋದು. ಮಾಡಿ ತೋರ್ಸೋ ಮೆಟ್ಟಿಲಿಗೆ ಹೊಂದೋ ಪರೀಕ್ಷೆ ಅದಕ್ಕೂ ಮೊದಲೇ ಇತ್ತು, 1975ರಲ್ಲಿ ಸ್ಕಾಟ್‌ಲ್ಯಾಂಡ್‌ನ ಡಂಡಿಯಲ್ಲಿ ಹಾರ್ಡನ್ ಮತ್ತು ಜೊತೆಯವ್ರು ಓಸ್ಕಿ ಪರೀಕ್ಷೆ ತಂದ್ರು, ಸ್ಟೇಷನ್ ಸ್ಟೇಷನ್ ತಿರುಗೋದು, ಎಲ್ರಿಗೂ ಒಂದೇ ಚೆಕ್‌ಲಿಸ್ಟ್. ಟ್ರೇನರ್ ಸರ್ ಹೇಳಿದ ಮುರಿದ ಸ್ಪ್ರಿಂಗ್ ಕತೆಯಲ್ಲಿ ಆಗಿದ್ದು ಏನು ಅಂದ್ರೆ ಮಾಡಿ ತೋರಿಸಬೇಕಾದ ಸ್ಟೇಷನ್ ಸದ್ದಿಲ್ಲದೆ ಎರಡನೇ ಮೆಟ್ಟಿಲಿಗೆ ಇಳಿದುಬಿಡ್ತು, ಮಾರ್ಕ್ಸ್ ಮಾತ್ರ ಮೂರನೇ ಮೆಟ್ಟಿಲಿಂದು ಅಂತ ಬಿತ್ತು. ವಿಆರ್‌ನಲ್ಲೂ ಇದೇ ಅಪಾಯ. ಕಂಟ್ರೋಲರ್ ಬಟನ್ ಒತ್ತಿದ್ರೆ ನರಕ್ಕೆ ಹಾಕೋ ಕ್ಯಾನುಲಾ ತಾನೇ ಹೋಗಿ ಕೂರುತ್ತೆ ಅಂದ್ರೆ ಆ ಹುಡುಗನಿಗೆ ಐವಿ ಹಾಕೋಕೆ ಬರುತ್ತೆ ಅಂತ ಅಲ್ಲ, ಈಗ ಐವಿ ಬೇಕು ಅಂತ ಗೊತ್ತು, ಅಷ್ಟೇ. ಆ ತೀರ್ಮಾನಾನೂ ಅಳೆಯಬೇಕಾದ್ದೇ, ಆದ್ರೆ ಅದರ ಹೆಸರಲ್ಲೇ ಅಳೀಬೇಕು.

ಡೆವಲಪರ್ ಅವ್ರಿಗೆ ಒಂದು ಪ್ರಶ್ನೆ. ನಿಮ್ಮ ಸಿಸ್ಟಮ್‌ನಲ್ಲಿ ಮೆನು ಬರುತ್ತಾ? ನಾನು ನೋಡಿದ ಒಂದರಲ್ಲಿ ರೋಗಿ ಪಕ್ಕ ಕೈ ತಂದ ತಕ್ಷಣ "ಗ್ಲುಕೋಸ್ ಪರೀಕ್ಷಿಸಿ", "ಪ್ಯೂಪಿಲ್ ನೋಡಿ", "ಇಸಿಜಿ" ಅಂತ ತೇಲ್ಕೊಂಡು ಬರ್ತಾ ಇತ್ತು. ಪ್ರಜ್ಞೆ ತಪ್ಪಿದವ್ರಲ್ಲಿ ಶುಗರ್ ನೋಡಬೇಕು ಅಂತ ತಾನಾಗೇ ಹೊಳೆಯೋದೇ ಪರೀಕ್ಷೆ. ಅದನ್ನ ಮೆನುನೇ ಹೇಳಿಕೊಟ್ರೆ ನಾವು ಅಳೆದಿದ್ದು ಏನು?

ವಿಆರ್_ಡೆವಲಪರ್_ಬೆಂಗಳೂರು

ಮೇಡಂ, ಬರುತ್ತೆ. ಎಲ್ರೂ ಹಂಗೇ ಮಾಡ್ತಾರೆ, ಯಾಕಂದ್ರೆ ಸುಲಭ. ಇನ್ನೊಂದು ದಾರಿ ಅಂದ್ರೆ ಕಿಟ್ ಬ್ಯಾಗ್ ಇಟ್ಟು, ಜಿಪ್ ತೆಗೆದು, ಗ್ಲುಕೋಮೀಟರ್ ತಾನೇ ಹುಡುಕಿ ತಗೋಬೇಕು ಅಂತ ಮಾಡೋದು. ಕೆಲಸ ಜಾಸ್ತಿ, ಆದ್ರೆ ನೀವು ಹೇಳಿದ್ಮೇಲೆ ಪರೀಕ್ಷೆಗೆ ಅದೊಂದೇ ಸರಿಯಾದ ದಾರಿ ಅನ್ನಿಸ್ತಿದೆ. ಕಲಿಕೆಗೆ ಮೆನು ಇರ್ಲಿ, ಪರೀಕ್ಷೆಯಲ್ಲಿ ಬ್ಯಾಗ್.

ಕಲಬುರಗಿ_ಫೈನಲ್‌ಇಯರ್

ಸರ್, ಮೇಡಂ, ನಾ ಫೈನಲ್ ಇಯರ್ ಓದ್ಲತ್ತೀನಿ, ನಮ್ ಕಡಿ ಒಂದ್ ವರ್ಕ್‌ಶಾಪ್‌ದಾಗ ಹೆಡ್‌ಸೆಟ್ ಹಾಕಿ ನೋಡೀನಿ ಅದಕ್ಕ ಬರೀಲತ್ತೀನಿ. ನಂದು ದಪ್ಪ ಕನ್ನಡಕ, ಅದರ ಮ್ಯಾಲ ಹೆಡ್‌ಸೆಟ್ ಸರಿ ಕೂಡಲಿಲ್ಲ, ಕನ್ನಡಕ ತೆಗದ್ರ ಮಾನಿಟರ್ ಮ್ಯಾಲಿನ ನಂಬರ್ ಮಸಕ ಮಸಕ. ಆಮ್ಯಾಲ ಓಡೂ ಆಂಬುಲೆನ್ಸ್ ಒಳಗ ಬಿಟ್ರು, ಕಣ್ಣಿಗಿ ಗಾಡಿ ತಿರುಗ್ಲತ್ತದ ಮೈ ನಿಂತಲ್ಲೇ ಅದ, ಐದು ನಿಮಿಷಕ್ಕ ವಾಂತಿ ಬಂದಂಗ ಆಗಿ ಕುಂತುಬಿಟ್ಟೆ. ನಿಜವಾದ ಗಾಡಿಯಾಗ ಪೋಸ್ಟಿಂಗ್ ಮಾಡೀನಿ, ಒಂದಿನ ಹಂಗ ಆಗಿಲ್ಲ. ಮನಿಯಾಗ ಗೇಮ್ ಆಡೂ ಹುಡುಗರು ಕಂಟ್ರೋಲರ್ ಹಿಡದು ಫಟಾಫಟ್ ಮಾಡಿ ಮುಗಿಸಿದ್ರು, ಅವರಿಗಿ ಟಾಪ್ ಸ್ಕೋರ್. ನನಗ ಬಟನ್ ಯಾವ್ದು ಅಂತ ತಿಳಿಯೂದ್ರಾಗೇ ಟೈಮ್ ಹೋಯ್ತು. ಕೆಲಸ ಕಲಿಲಿಕ್ಕಿ ಇದು ನಡೀತದ, ಆದ್ರ ಲೈಸೆನ್ಸ್ ಅಂದ್ರ ನಮ್ ಮನಿ ಅನ್ನದ ಪ್ರಶ್ನೆ. ತಲಿ ತಿರುಗಿದ್ದಕ್ಕ ನಾ ಫೇಲ್ ಆಗಬೇಕಾ?

ಮೈಸೂರು_ಇಆರ್_ಡಾಕ್ಟರ್

ಆಗಬಾರದು ಕಣಮ್ಮಾ. ಇದಕ್ಕೆ ಸಮಾಧಾನ ಹೇಳಿ ಬಿಟ್ರೆ ಸಾಲದು, ನಿಯಮವಾಗಿ ಬರೀಬೇಕು. ಏನು ಅಳೀಬೇಕೋ ಅದಕ್ಕೆ ಸಂಬಂಧ ಇಲ್ಲದ ಕಾರಣಕ್ಕೆ ಅಂಕ ಏರುಪೇರಾದ್ರೆ ಆ ಪರೀಕ್ಷೆಯೇ ತಪ್ಪು. ಪರೀಕ್ಷೆಗೆ ಮೊದಲು ಅಂಕ ಇಲ್ಲದ ಅಭ್ಯಾಸದ ಅವಧಿ ಎಲ್ರಿಗೂ ಕಡ್ಡಾಯ ಇರಬೇಕು, ಕನ್ನಡಕದ ಪವರ್‌ಗೆ ಲೆನ್ಸ್ ಇರಬೇಕು, ತಲೆ ತಿರುಗಿದವ್ರಿಗೆ ಅದೇ ಕೇಸನ್ನ ಮ್ಯಾನಿಕಿನ್ ಮೇಲೆ ಮಾಡೋ ಅವಕಾಶ ಕೇಳದೇ ಸಿಗಬೇಕು. ಓಡೋ ಗಾಡಿಯ ದೃಶ್ಯ ಪರೀಕ್ಷೆಗೆ ಬೇಡವೇ ಬೇಡ, ನಿಂತ ಗಾಡಿ ಸಾಕು.

ಓಹಾಯೋ_ಕನ್ನಡತಿ

ನಾನು ಹತ್ತು ವರ್ಷದಿಂದ ಅಮೆರಿಕದಲ್ಲಿ ಪ್ಯಾರಾಮೆಡಿಕ್, ಊರು ತುಮಕೂರು. ಇಲ್ಲಿಯ ಅನುಭವ ನಿಮ್ಗೆ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಇಲ್ಲಿ ಲೈಸೆನ್ಸ್ ಕೊಡೋದು ಆಯಾ ರಾಜ್ಯ, ಆದ್ರೆ ಅದಕ್ಕೆ ಹೆಚ್ಚಿನ ಕಡೆ ನ್ಯಾಷನಲ್ ರಿಜಿಸ್ಟ್ರಿ ಅನ್ನೋ ಪರೀಕ್ಷೆ ನಡೆಸೋ ಸಂಸ್ಥೆಯ ಸರ್ಟಿಫಿಕೇಟ್ ಕೇಳ್ತಾರೆ. ರಿಜಿಸ್ಟ್ರಿ 1970ರಲ್ಲಿ ಶುರುವಾಗಿದ್ದು, ಆಫೀಸ್ ಇಲ್ಲೇ ಕೊಲಂಬಸ್‌ನಲ್ಲಿ. ನಾನು ಪರೀಕ್ಷೆ ಬರೆದಾಗ ಕಂಪ್ಯೂಟರ್ ಪರೀಕ್ಷೆ ಜೊತೆ ಕೈಯಲ್ಲಿ ಮಾಡೋ ಸ್ಟೇಷನ್‌ಗಳೂ ಇದ್ವು, ಟ್ರಾಮಾ ರೋಗಿ ಪರೀಕ್ಷೆ, ಮಾನಿಟರ್ ಹಿಡ್ಕೊಂಡು ಹೃದಯದ ಕೇಸ್, ಬಾಯಿಮಾತಿನ ಕೇಸ್‌ಗಳು. ಎಕ್ಸಾಮಿನರ್ ಮುಂದೆ ಹೆಜ್ಜೆ ಹೆಜ್ಜೆನೂ ಗಟ್ಟಿಯಾಗಿ ಹೇಳ್ಕೊಂಡೇ ಮಾಡ್ಬೇಕು, ಗ್ಲೌಸ್ ಹಾಕ್ತಿದ್ದೀನಿ ಅಂತ ಮೊದಲೇ ಹೇಳೋದು ಮರೆತ್ರೆ ಅಲ್ಲಿಗೇ ಹೊಡೆತ. ನಾವೆಲ್ಲ ಆ ಶೀಟ್‌ನ ಮಂತ್ರದ ತರ ಬಾಯಿಪಾಠ ಮಾಡಿದ್ವಿ. ಬಾಯಿಪಾಠ ಬಂದವ್ರು ಪಾಸ್ ಆಗ್ತಿದ್ರು, ಒಳ್ಳೆ ಕೆಲಸಗಾರರು ಕೆಲವ್ರು ಅಲ್ಲೇ ತೊದಲಿ ಫೇಲ್ ಆಗಿದ್ದನ್ನ ಕಣ್ಣಾರೆ ನೋಡಿದ್ದೀನಿ.

2024ರ ಮಧ್ಯದಲ್ಲಿ ರಿಜಿಸ್ಟ್ರಿ ಪ್ಯಾರಾಮೆಡಿಕ್ ಮಟ್ಟದ ಆ ಸ್ಟೇಷನ್ ಪರೀಕ್ಷೆನೇ ನಿಲ್ಲಿಸ್ತು. ಜುಲೈ 1ರಿಂದ ಹೊಸ ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಕ್ಲಿನಿಕಲ್ ಜಡ್ಜ್‌ಮೆಂಟ್ ಅನ್ನೋ ಭಾಗ ಬಂತು. ಕಾಲ್ ಬಂದಾಗ ಏನು ಯೋಚ್ನೆ ಮಾಡ್ತೀಯ, ಸ್ಥಳಕ್ಕೆ ಹೋದ್ಮೇಲೆ ಏನು ಬದಲಾಯ್ತು, ಆಮೇಲೆ ಏನು ಅಂತ ಒಂದೇ ಕೇಸ್‌ನ ಬೆಳೆಸ್ಕೊಂಡು ಹೋಗ್ತಾರೆ. ಹಾಗಾದ್ರೆ ಕೈ ನೋಡೋರು ಯಾರು? ಕಾಲೇಜು. 2013ರಿಂದ ಮಾನ್ಯತೆ ಇರೋ ಪ್ರೋಗ್ರಾಂನಲ್ಲಿ ಓದಿದವ್ರಿಗೆ ಮಾತ್ರ ಪ್ಯಾರಾಮೆಡಿಕ್ ಪರೀಕ್ಷೆಗೆ ಪ್ರವೇಶ. ಆ ಪ್ರೋಗ್ರಾಂ ಪ್ರತಿ ವಿದ್ಯಾರ್ಥಿ ಯಾವ ಸ್ಕಿಲ್‌ನ ಲ್ಯಾಬ್‌ನಲ್ಲಿ ಎಷ್ಟು ಸಲ, ಆಸ್ಪತ್ರೆಯಲ್ಲಿ ಎಷ್ಟು ಸಲ, ಗಾಡಿಯಲ್ಲಿ ಎಷ್ಟು ಸಲ ಮಾಡಿದ ಅಂತ ದಾಖಲೆ ಇಟ್ಟು ಸಹಿ ಹಾಕ್ಬೇಕು.

ಗಮನಿಸಿ, ಇಷ್ಟು ದುಡ್ಡಿರೋ ದೇಶ ಸ್ಟೇಷನ್ ತೆಗೆದು ಆ ಜಾಗಕ್ಕೆ ಹೆಡ್‌ಸೆಟ್ ತಂದಿಲ್ಲ. ತೀರ್ಮಾನದ ಭಾಗ ಕಂಪ್ಯೂಟರ್‌ಗೆ, ಕೈಯ ಭಾಗ ಕಾಲೇಜಿಗೆ ಹೋಯ್ತು. ಆದ್ರೆ ಇದು ಕಾಲೇಜನ್ನ ನಂಬೋ ವ್ಯವಸ್ಥೆ. ಸ್ಪ್ರಿಂಗ್ ಮುರಿದ ಮ್ಯಾನಿಕಿನ್ ಇರೋ ಕಾಲೇಜು ಸಹಿ ಹಾಕಿ ಕಳಿಸಿದ್ರೆ? ನಿಮ್ಮಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು ಅನ್ಸುತ್ತೆ.

ಶಿವಮೊಗ್ಗ_ಸ್ಕಿಲ್‌ಲ್ಯಾಬ್

ಓಹಾಯೋ ಅಕ್ಕ, ತುಂಬಾ ಉಪಕಾರ ಆಯ್ತು. ನೀವು ಕೊನೆಗೆ ಕೇಳಿದ್ದೇ ನನ್ನ ನಿದ್ದೆ ಕೆಡಿಸ್ತಿರೋದು. ಬರೀ ಕಾಲೇಜಿನ ಸಹಿ ಮೇಲೆ ಬಿಡೋಕೆ ನನಗೆ ಧೈರ್ಯ ಇಲ್ಲ. ಕೈಯ ಪರೀಕ್ಷೆ ಹೊರಗಿನ ಎಕ್ಸಾಮಿನರ್ ಮುಂದೆ, ಸೆನ್ಸರ್ ಇರೋ ಮ್ಯಾನಿಕಿನ್ ಮೇಲೆ, ರೆಕಾರ್ಡ್ ಸಮೇತ ಆಗ್ಬೇಕು. ಎರಡು ನಿಮಿಷದ ಸಿಪಿಆರ್ ಗ್ರಾಫ್ ಸಾಕು, ಅದರ ಮುಂದೆ ಯಾರ ಪರಿಚಯವೂ ನಡೆಯಲ್ಲ. ಕೈಯಲ್ಲಿ ಒತ್ತಿ ಉಸಿರು ಕೊಡೋ ಬ್ಯಾಗ್ ಮಾಸ್ಕ್‌ನಲ್ಲಿ ಎದೆ ಏಳ್ತಾ ಇದೆಯಾ ಇಲ್ವಾ ಅಂತ ಕಣ್ಣಿಗೇ ಕಾಣುತ್ತೆ.

ಈ ವಾರ ಆರು ಮಕ್ಕಳಿಗೆ ಹೆಡ್‌ಸೆಟ್ ಹಾಕಿಸಿ ನೋಡಿದೆ, ಅದನ್ನ ಹೇಳ್ಬೇಕು. ಬಸ್ಸು ಲಾರಿ ಡಿಕ್ಕಿ ಕೇಸ್ ಇತ್ತು, ಹನ್ನೆರಡು ಜನ ಗಾಯಾಳುಗಳು, ಯಾರಿಗೆ ಮೊದಲು ಚಿಕಿತ್ಸೆ ಅಂತ ತೋರ್ಸೋ ಟ್ರಯಾಜ್ ಟ್ಯಾಗ್ ಹಾಕ್ಬೇಕು. ಕ್ಲಾಸಲ್ಲಿ ಸ್ಟಾರ್ಟ್ ಪದ್ಧತಿ ಎಲ್ರಿಗೂ ಬರುತ್ತೆ, ನಡೆಯೋರಿಗೆ ಹಸಿರು, ಉಸಿರು ನಿಮಿಷಕ್ಕೆ 30 ದಾಟಿದ್ರೆ ಕೆಂಪು ಅಂದ್ರೆ ಮೊದಲು ಇವ್ರು, ಮಣಿಕಟ್ಟಿನ ನಾಡಿ ಸಿಗದಿದ್ರೆ ಕೆಂಪು, ಹೇಳಿದ ಮಾತು ಕೇಳದಿದ್ರೆ ಕೆಂಪು. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಆಸ್ಪತ್ರೆಯವ್ರೂ ಫೈರ್‌ನವ್ರೂ ಸೇರಿ ಮಾಡಿದ್ದು, ಸರಳವಾಗಿದೆ. ಹೆಡ್‌ಸೆಟ್ ಒಳಗೆ ಹೋದ್ಮೇಲೆ ಆರರಲ್ಲಿ ನಾಲ್ಕು ಜನ ಮೊದಲು ಕಿರುಚ್ತಾ ಇದ್ದವ್ರ ಹತ್ರಾನೇ ಓಡಿದ್ರು. ಸುಮ್ನೆ ಬಿದ್ದಿದ್ದ ಒಬ್ಬ ಹೆಂಗಸಿನ ಹತ್ರ ಯಾರೂ ಹೋಗ್ಲಿಲ್ಲ, ಅವ್ರಿಗೆ ಬರೀ ತಲೆ ಹಿಂದಕ್ಕೆ ಬಾಗಿಸಿ ಉಸಿರಿನ ದಾರಿ ಬಿಡಿಸಿದ್ರೆ ಸಾಕಿತ್ತು. ಒಬ್ಬ ಹುಡುಗ ಹೆಡ್‌ಸೆಟ್ ತೆಗೆದ್ಮೇಲೆ ತುಂಬಾ ಹೊತ್ತು ಮಾತಾಡ್ಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಇದನ್ನ ಕಲಿತಿದ್ದು ಒಂದು ಜೀವ ಹೋದ್ಮೇಲೆ. ಆ ಹುಡುಗ ಯಾರ ಜೀವಾನೂ ಹೋಗದೆ ಕಲ್ತ.

ಇದನ್ನ ಮ್ಯಾನಿಕಿನ್ ಇಟ್ಟು ಮಾಡೋಕೆ ನನ್ನಿಂದ ಯಾವತ್ತೂ ಆಗ್ತಿರ್ಲಿಲ್ಲ, ಹನ್ನೆರಡು ಜನಕ್ಕೆ ಬಣ್ಣ ಹಚ್ಚಿ ಮಲಗಿಸಿ ನಟನೆ ಮಾಡಿಸ್ಬೇಕಾದ್ರೆ ವರ್ಷಕ್ಕೆ ಒಂದು ಸಲ ಆದ್ರೆ ಹೆಚ್ಚು.

ಓಹಾಯೋ_ಕನ್ನಡತಿ

ನೀವು ಕಂಡಿದ್ದಕ್ಕೆ ಹೊಂದೋದು ಒಂದಿದೆ. ಆಸ್ಟ್ರೇಲಿಯಾದ ಎಡಿತ್ ಕೋವನ್ ಯೂನಿವರ್ಸಿಟಿಯವ್ರು ಪ್ಯಾರಾಮೆಡಿಕ್ ವಿದ್ಯಾರ್ಥಿಗಳಿಗೆ ಟ್ರಯಾಜ್‌ನ ವಿಆರ್‌ನಲ್ಲೂ, ನಟರನ್ನ ಮಲಗಿಸಿದ ನಿಜವಾದ ಡ್ರಿಲ್‌ನಲ್ಲೂ ಮಾಡಿಸಿ ಹೋಲಿಸಿ 2020ರಲ್ಲಿ ಪ್ರಕಟಿಸಿದ್ರು, ಎರಡೂ ಹೆಚ್ಚುಕಡಿಮೆ ಸಮ ಬಂತು. ಟ್ರಯಾಜ್ ಅಂದ್ರೆ ಕಣ್ಣು ಮತ್ತೆ ತೀರ್ಮಾನದ ಕೆಲಸ, ಕೈ ಕೆಲಸ ಕಮ್ಮಿ. ಅದಕ್ಕೇ ಅಲ್ಲಿ ವಿಆರ್ ಒಗ್ಗುತ್ತೆ. ಇಂಟ್ಯುಬೇಶನ್‌ಗೆ ಇದೇ ಮಾತು ಹೇಳೋಕೆ ಬರಲ್ಲ, ಅದು ಗಂಟಲಿಗೆ ಉಸಿರಿನ ಟ್ಯೂಬ್ ಇಳಿಸೋದು, ಬಾಯೊಳಗೆ ಹಾಕೋ ಲ್ಯಾರಿಂಗೋಸ್ಕೋಪ್ ಭಾರ, ಹಲ್ಲಿಗೆ ತಾಗೋ ಭಯ ಅದೆಲ್ಲ ಕೈಗೇ ಗೊತ್ತಾಗ್ಬೇಕು.

ಹಾವೇರಿ_ಗಾಡಿ

ಟ್ರೇನರ್ ಅಣ್ಣಾರ, ಆ ಬಸ್ಸು ಲಾರಿ ಕೇಸ್ ಎಲ್ಲಿದು? ರೋಡ್ ನಮ್ಮಂಗ ಇತ್ತೇನು?

ಶಿವಮೊಗ್ಗ_ಸ್ಕಿಲ್‌ಲ್ಯಾಬ್

ಇಲ್ಲ ಅಣ್ಣ. ಬಲಗಡೆ ಓಡೋ ಗಾಡಿಗಳು, ಹಳದಿ ಜಾಕೆಟ್ ಪೊಲೀಸ್, ಗಾಯಾಳುಗಳೆಲ್ಲ ಇಂಗ್ಲಿಷ್. ನಮ್ಮ ಹುಡುಗಿ ಒಬ್ಬಳು ಗಾಡಿ ಬರೋ ದಿಕ್ಕು ತಪ್ಪು ಕಡೆ ನೋಡಿದ್ಲು, ಸಿಸ್ಟಮ್ ಅವಳಿಗೆ ಸ್ಥಳದ ಸುರಕ್ಷತೆ ನೋಡಿಲ್ಲ ಅಂತ ಅಂಕ ಕಳೀತು. ಎಡಗಡೆ ಓಡೋ ದೇಶದ ಮಗುಗೆ ಬಲಗಡೆ ರಸ್ತೆಯಲ್ಲಿ ಪರೀಕ್ಷೆ.

ಹಾವೇರಿ_ಗಾಡಿ

ಇದಕ್ಕ ನೋಡ್ರಿ ನಾ ಹೇಳೂದು. ಕೇಸ್ ನಮ್ಮವು ಬೇಕು. ನಮ್ಮ ಹೈವೇ 48 ಮ್ಯಾಲ ರಾತ್ರಿ ಎರಡಕ್ಕ ನಿಂತ ಲಾರಿಗೆ ಹಿಂದಿಂದ ಹೊಡದ ಬಸ್ಸು ಬೇಕು. ಹೊಲದಾಗ ಎಣ್ಣಿ ಹೊಡಿಯೂವಾಗ ಬಿದ್ದಾಂವ ಬೇಕು. ನೆಲದ ಮ್ಯಾಲ ಮಲಗಿದ ಹುಡುಗಗ ರಾತ್ರಿ ಕಟ್ಟುಹಾವು ಕಡದಿರ್ತೈತಿ, ಗಾಯ ಕಾಣಂಗಿಲ್ಲ, ಬಾವು ಇರಂಗಿಲ್ಲ, ಹೊಟ್ಟಿನೋವು ಅಂತಾನ, ಮುಂಜಾನಿ ರೆಪ್ಪಿ ಮ್ಯಾಲ ಏಳವಲ್ವು. ಅದನ್ನ ಗ್ಯಾಸ್ ಅಂತ ಬಿಟ್ರ ಉಸಿರು ನಿಲ್ತೈತಿ. ಇದು ಆ ಡಬ್ಬಿಯೊಳಗ ತೋರಸಾಕ ಬರ್ತೈತಿ ಅನಸ್ತೈತಿ ನನಗ, ರೆಪ್ಪಿ ಇಳಿಯೂದನ್ನ ಮ್ಯಾನಿಕಿನ್ ತೋರಸಂಗಿಲ್ಲಲ್ಲ.

ಮೈಸೂರು_ಇಆರ್_ಡಾಕ್ಟರ್

ಎಷ್ಟು ಸರಿಯಾಗಿ ಹೇಳಿದ್ರಿ. ರೆಪ್ಪೆ ಇಳಿಯೋದು, ಕತ್ತು ಎತ್ತೋಕೆ ಆಗದೇ ಇರೋದು, ಉಸಿರು ಮೇಲುಮೇಲಕ್ಕೆ ಆಗ್ತಾ ಹೋಗೋದು, ಇದೆಲ್ಲ ಹೆಡ್‌ಸೆಟ್‌ನಲ್ಲಿ ಅಚ್ಚುಕಟ್ಟಾಗಿ ಬರುತ್ತೆ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತ ವರದಿ ಮಾಡಲೇಬೇಕಾದ ಕಾಯಿಲೆ ಆಗಿದೆ, ಅಷ್ಟು ಮುಖ್ಯ ಅಂತ ಸರ್ಕಾರವೇ ಒಪ್ಪಿದ ಮೇಲೆ ಲೈಸೆನ್ಸ್ ಪರೀಕ್ಷೆಯಲ್ಲಿ ಅದು ಇರಲೇಬೇಕು. ಹೊರದೇಶದ ಸಾಫ್ಟ್‌ವೇರ್‌ನಲ್ಲಿ ಕಟ್ಟುಹಾವು ಯಾಕೆ ಇರುತ್ತೆ?

ಒಂದು ಎಚ್ಚರಿಕೆ. ಕೇಸ್ ಬರೆದ್ರೆ ಮುಗೀಲಿಲ್ಲ, ಪಾಸ್ ಗೆರೆ ಎಲ್ಲಿ ಅಂತ ತೀರ್ಮಾನ ಆಗ್ಬೇಕು. ಗಾಡಿಯಲ್ಲಿ ಕೆಲಸ ಮಾಡಿದ ಅನುಭವಿಗಳು ಒಂದು ಕಡೆ ಕೂತು, ಅಂಚಿನಲ್ಲಿ ಪಾಸಾಗೋ ಅಭ್ಯರ್ಥಿ ಈ ಹೆಜ್ಜೆ ಮಾಡ್ತಾನಾ ಅಂತ ಒಂದೊಂದಕ್ಕೂ ಅಂದಾಜು ಹಾಕ್ಬೇಕು, ಆಂಗಾಫ್ ಪದ್ಧತಿ ಅಂತಾರೆ. ಮಷಿನ್ ನೂರು ಸಂಖ್ಯೆ ಕೊಡುತ್ತೆ, ಯಾವ ಸಂಖ್ಯೆಗೆ ಜೀವದ ಬೆಲೆ ಅಂತ ಅದಕ್ಕೆ ಗೊತ್ತಿಲ್ಲ. ಗ್ಲೌಸ್ ಮೂರು ಸೆಕೆಂಡ್ ತಡ ಆಗಿದ್ದೂ, ರಕ್ತ ಚಿಮ್ಮೋದನ್ನ ಒತ್ತಿ ಹಿಡಿಯದೇ ಇದ್ದಿದ್ದೂ ಅದಕ್ಕೆ ಒಂದೊಂದು ಸಾಲು ಅಷ್ಟೇ. ಆ ಮೇಜಿನ ಸುತ್ತ ನಮ್ಮಂಥ ಡಾಕ್ಟರ್‌ಗಳು ಮಾತ್ರ ಕೂತ್ರೆ ತಪ್ಪಾಗುತ್ತೆ, ಹಾವೇರಿಯವ್ರಂಥವ್ರು ಇರಬೇಕು.

ವಿಆರ್_ಡೆವಲಪರ್_ಬೆಂಗಳೂರು

ನನ್ನ ಮೊದಲನೇ ಪೋಸ್ಟ್‌ನಲ್ಲಿ ಎಕ್ಸಾಮಿನರ್ ಬೇಡವೇ ಬೇಡ ಅನ್ನೋ ಧಾಟಿ ಇತ್ತು, ಅದನ್ನ ವಾಪಸ್ ತಗೋತೀನಿ. ರೆಪ್ಪೆ, ಕಣ್ಣಿನ ಪಾಪೆ, ಜೊಲ್ಲು ಎಲ್ಲ ಮಾಡಬಹುದು. ವಾಸನೆ ಆಗಲ್ಲ. ಅದರ ಬದಲು ಮೂಲೇಲಿ ಉರುಳಿದ ಡಬ್ಬ, ಬಟ್ಟೆ ಮೇಲೆ ಕಲೆ ಇಡಬಹುದು, ಹುಡುಕಿ ನೋಡಿದವ್ರಿಗೆ ಸಿಗುತ್ತೆ. ನನಗೆ ಕಷ್ಟ ಅನ್ನಿಸೋದು ಮಾತು. ಅಭ್ಯರ್ಥಿ ಬಾಯಿಬಿಟ್ಟು ಪ್ರಶ್ನೆ ಕೇಳಿ ರೋಗಿ ಉತ್ತರ ಕೊಡೋ ತರ ಮಾಡ್ಬೇಕಂದ್ರೆ ಹಾವೇರಿ ಮಾತು, ಕಲಬುರಗಿ ಮಾತು, ಮಂಗಳೂರು ಮಾತು ಎಲ್ಲ ಮಷಿನ್‌ಗೆ ಅರ್ಥ ಆಗ್ಬೇಕು, ಪುಸ್ತಕದ ಕನ್ನಡ ಬಿಟ್ರೆ ಅದು ಇನ್ನೂ ಎಡವುತ್ತೆ. ಸದ್ಯಕ್ಕೆ ಪಕ್ಕದ ರೂಮಲ್ಲಿ ಒಬ್ಬ ಅನುಭವಿ ಇಎಂಟಿ ಮೈಕ್ ಹಿಡ್ಕೊಂಡು ರೋಗಿ ಪರವಾಗಿ ಉತ್ತರ ಕೊಟ್ರೆ ಒಳ್ಳೇದು. ಕಣ್ಣಿಗೆ ಮಷಿನ್, ದನಿಗೆ ಮನುಷ್ಯ.

ಕಲಬುರಗಿ_ಫೈನಲ್‌ಇಯರ್

ಸರ್ ದನಿ ಬೇಕಂದ್ರ ನಾ ಕೊಡ್ತೀನಿ. ನಮ್ ಅಜ್ಜಿಗಿ ಲಕ್ವಾ ಹೊಡದಾಗ ನಮ್ ಅವ್ವ ಫೋನ್‌ದಾಗ ಹೆಂಗ ಹೇಳಿದಳು ಅಂತ ನನಗ ಇನ್ನಾ ನೆನಪದ. "ಬಾಯಿ ಸೊಟ್ಟ ಆಗ್ಯಾದ, ಮಾತ್ ತೊದಲ್ಲತ್ತಾಳ, ಕೈ ಎತ್ಲಿಕ್ಕಿ ಬರ್ವಲ್ದು" ಅಂತ.

ಶಿವಮೊಗ್ಗ_ಸ್ಕಿಲ್‌ಲ್ಯಾಬ್

ಇದೇ ಬೇಕಾಗಿದ್ದು ತಂಗಿ. ಮ್ಯಾನೇಜ್‌ಮೆಂಟ್‌ಗೆ ನಾಳೆ ಬರೆದು ಕೊಡ್ತಿದ್ದೀನಿ: ಹೆಡ್‌ಸೆಟ್ ತಗೊಳ್ಳಿ, ಟ್ರಯಾಜ್‌ಗೆ, ತೀರ್ಮಾನದ ಕೇಸ್‌ಗಳಿಗೆ. ಅದೇ ಬಿಲ್‌ನಲ್ಲಿ ಸೆನ್ಸರ್ ಇರೋ ಮ್ಯಾನಿಕಿನ್ ಒಂದು ಕಡ್ಡಾಯ. ಹೆಡ್‌ಸೆಟ್ ಅಂಕ ಒಂದರಿಂದಲೇ ಯಾರನ್ನೂ ಫೇಲ್ ಮಾಡೋ ಹಾಗಿಲ್ಲ. ಗಾಡಿ ಪೋಸ್ಟಿಂಗ್ ಗಂಟೆ ಒಂದೂ ಕಡಿಮೆ ಮಾಡೋ ಹಾಗಿಲ್ಲ.

ಮೊದಲು ಎರಡೇ ಕೇಸ್ ಬರೆಯೋಣ, ಎಣ್ಣಿ ಮತ್ತೆ ಕಟ್ಟುಹಾವು. ಹಾವೇರಿ ಅಣ್ಣ, ಆ ತಾಯಿ ಹೇಳಿದ ಮಾತು, ಆಮೇಲೆ ನೀವು ಏನು ಕೇಳಿದ್ರಿ, ಅವ್ರು ಏನಂದ್ರು, ನೆನಪಿರೋದೆಲ್ಲ ವಾಯ್ಸ್ ರೆಕಾರ್ಡ್ ಮಾಡಿ ಕಳಿಸ್ತೀರಾ? ಊರು, ಹೆಸರು ಏನೂ ಬೇಡ.

ಹಾವೇರಿ_ಗಾಡಿ

ಕಳಸ್ತೇನ್ರಿ. ಇವತ್ತ ನೈಟ್ ಡ್ಯೂಟಿ ಐತಿ, ಗಾಡಿ ಸುಮ್ಮ ನಿಂತಾಗ ಪೈಲಟ್‌ನೂ ಕುಂಡ್ರಿಸ್ಕೊಂಡು ಹೇಳ್ತೇನಿ, ಆ ರಾತ್ರಿ ಅಂವನೂ ಇದ್ದ, ನಾ ಮರತಿದ್ದು ಅಂವಗ ನೆನಪಿರ್ತೈತಿ.